ಬಡಿದ ಉಕ್ಕು, ಬಲ್ಲವರ ಕೈ

1950ರ ಜೂನ್. ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ಮೇರಿಯನ್ ಗಾಲ್ಫ್ ಅಂಗಳ. ಯು.ಎಸ್. ಓಪನ್ ಪಂದ್ಯಾವಳಿಯ ಕೊನೆಯ ಹೋಲ್‌ನಲ್ಲಿ ಬೆನ್ ಹೋಗನ್ ಚೀಲದಿಂದ ಒಂದನೇ ನಂಬರಿನ ಐರನ್ (ಲೋಹದ ತಲೆಯ ಕೋಲು) ಹೊರತೆಗೆದರು. ಹದಿನಾರು ತಿಂಗಳ ಹಿಂದೆ ಬಸ್ಸೊಂದು ಅವರ ಕಾರಿಗೆ ಎದುರಿನಿಂದ ಅಪ್ಪಳಿಸಿ ಮೂಳೆಗಳು ಮುರಿದಿದ್ದವು. ಮತ್ತೆ ಆಡುವುದಿರಲಿ, ನೆಟ್ಟಗೆ ನಡೆಯುವುದೂ ಕಷ್ಟ ಎಂದು ಜನ ಮಾತಾಡಿಕೊಂಡಿದ್ದರು. ಅಂದು ಒಂದೇ ದಿನ 36 ಹೋಲ್ ಆಡಿ ದಣಿದ ಕಾಲುಗಳ ಮೇಲೆ ನಿಂತು ಅವರು ಬೀಸಿದ ಏಟಿಗೆ ಚೆಂಡು ನೇರ ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಹೋಗಿ ಬಿತ್ತು. ಹೈ ಪೆಸ್ಕಿನ್ ಹಿಂದಿನಿಂದ ತೆಗೆದ ಆ ಏಟಿನ ಛಾಯಾಚಿತ್ರ ಗಾಲ್ಫ್ ಬಲ್ಲ ಎಲ್ಲರಿಗೂ ಗೊತ್ತು. ಸಮಬಲವಾಗಿದ್ದ ಪಂದ್ಯವನ್ನು ಹೋಗನ್ ಮರುದಿನದ ಹೆಚ್ಚುವರಿ ಸುತ್ತಿನಲ್ಲಿ ಗೆದ್ದರು. ಆದರೆ ಆ ಸುತ್ತು ಶುರುವಾಗುವ ಮೊದಲೇ ಐರನ್ ಕಳುವಾಗಿತ್ತು.

ಮೂರು ದಶಕಕ್ಕೂ ಹೆಚ್ಚು ಕಾಲ ಅದರ ಸುಳಿವಿರಲಿಲ್ಲ. 1980ರ ದಶಕದ ಆರಂಭದಲ್ಲಿ ಹಳೆಯ ಗಾಲ್ಫ್ ಕೋಲುಗಳನ್ನು ಕೊಂಡು ಮಾರುವವರೊಬ್ಬರ ಕೈಗೆ ಮ್ಯಾಕ್‌ಗ್ರೆಗರ್ ಕಂಪನಿಯ ಒಂದು ಸೆಟ್ ಬಂತು. ಅದರಲ್ಲಿದ್ದ ಒಂದನೇ ನಂಬರಿನ ಐರನ್ ಉಳಿದವುಗಳ ಜೊತೆ ಹೊಂದುತ್ತಿರಲಿಲ್ಲ. ಅದರ ಮುಖದ ಮೇಲೆ ಒಂದು ನಾಣ್ಯದಷ್ಟು ಅಗಲದ ಸವೆತವಿತ್ತು. ಬೇರೆಲ್ಲೂ ಅಷ್ಟು ಸವೆದಿರಲಿಲ್ಲ. ಒಂದನೇ ಐರನ್ ಅಂದರೆ ಮುಖ ಸಣ್ಣದು, ಹೆಚ್ಚುಕಡಿಮೆ ನೆಟ್ಟಗೆ ನಿಂತದ್ದು, ಇಡೀ ಚೀಲದಲ್ಲಿ ಹೊಡೆಯಲು ಅತಿ ಕಠಿಣವಾದದ್ದು. ಅಂಥದರಲ್ಲಿ ಪ್ರತಿಸಲವೂ ಒಂದೇ ಜಾಗಕ್ಕೆ ಚೆಂಡು ತಗುಲಿಸಬಲ್ಲವರು ಎಷ್ಟು ಜನ ಇದ್ದಾರು? ಕೋಲನ್ನು ಹೋಗನ್ ಅವರಿಗೇ ತೋರಿಸಲಾಯಿತು. ತಮ್ಮದೇ ಎಂದು ಗುರುತಿಸಿದರು. ಈಗ ಅದು ಅಮೆರಿಕದ ಗಾಲ್ಫ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಕಾದ ಉಕ್ಕನ್ನು ಬಡಿದು ಮಾಡಿದ ಐರನ್‌ಗಳ ಇತಿಹಾಸವನ್ನು ಹೇಳಲು ಈ ಸವೆತದ ಗುರುತಿಗಿಂತ ಒಳ್ಳೆಯ ಆರಂಭವಿಲ್ಲ. ಮೃದು ಉಕ್ಕು ಆಟಗಾರನ ಕೈಯನ್ನು ತನ್ನ ಮೈಮೇಲೆ ಬರೆದುಕೊಳ್ಳುತ್ತದೆ. ಒಳ್ಳೆಯ ಐರನ್ ಯಾವುದು, ಯಾವುದಲ್ಲ ಎಂಬುದನ್ನು ಐದಾರು ತಲೆಮಾರುಗಳ ಕಾಲ ತೀರ್ಮಾನಿಸಿದವರು ಕಾರ್ಖಾನೆಯ ಮಾಲೀಕರಲ್ಲ, ಇಂಥ ಕೈಯುಳ್ಳ ಆಟಗಾರರು. ಅವರ ತೀರ್ಪಿಗೆ ತಕ್ಕಂತೆ ಕಮ್ಮಾರರು ತಿದ್ದಿದರು, ಅರೆದರು, ಬಾಗಿಸಿದರು. ಈ ಕಸುಬು ಬೆಳೆದದ್ದು ಆ ಮಾತುಕತೆಯಿಂದ.

ಗಾಲ್ಫ್ ತನ್ನ ಆರಂಭದಲ್ಲಿ ಮರದ ಆಟ. 1502ರಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೇ ಜೇಮ್ಸ್ ಪರ್ತ್ ಪಟ್ಟಣದ ಬಿಲ್ಲುಗಾರನೊಬ್ಬನಿಂದ ಗಾಲ್ಫ್ ಕೋಲು ಕೊಂಡ ಲೆಕ್ಕ ಸಿಗುತ್ತದೆ. 1603ರಲ್ಲಿ ಆರನೇ ಜೇಮ್ಸ್ ವಿಲಿಯಂ ಮೇನ್ ಎಂಬಾತನನ್ನು ಅರಮನೆಯ ಬಿಲ್ಲುಗಾರ ಮತ್ತು ಕೋಲುಗಾರನಾಗಿ ನೇಮಿಸಿದ. ಬಿಲ್ಲು ಮಾಡುವವನಿಗೆ ಮರದ ಹದ ಗೊತ್ತು; ಕೋಲು ಮಾಡುವ ಕೆಲಸವೂ ಅವನ ಪಾಲಿಗೇ ಬಂತು. ಕಬ್ಬಿಣದ ಕೋಲು ಚೀಲದಲ್ಲಿ ಒಂದೋ ಎರಡೋ ಇರುತ್ತಿತ್ತು. ಇಂಗ್ಲೆಂಡಿನ ಹಲ್ ಪಟ್ಟಣದ ಮನೆಯೊಂದರ ಮುಚ್ಚಿದ ಗೂಡಿನಲ್ಲಿ 1741ರ ಪತ್ರಿಕೆಯೊಂದರ ಜೊತೆ ಸಿಕ್ಕ ಹಳೆಯ ಸೆಟ್ಟಿನಲ್ಲಿ ಮರದ ಕೋಲು ಆರು, ಕಬ್ಬಿಣದ್ದು ಎರಡೇ. ಆ ಎರಡೂ ಒರಟು, ಭಾರ, ಊರ ಕಮ್ಮಾರ ಕೊಡಲಿಯ ಜೊತೆಗೇ ಮಾಡಿಕೊಟ್ಟಂತೆ ಕಾಣುವಂಥವು.

ಕಾರಣ ಚೆಂಡಿನಲ್ಲಿತ್ತು. ತೊಗಲಿನ ಚೀಲಕ್ಕೆ ಹಕ್ಕಿಯ ಗರಿ ಗಿಡಿದು ಹೊಲಿದ ಆ ಕಾಲದ ಚೆಂಡು ದುಬಾರಿ. ನುರಿತ ಕೆಲಸಗಾರನೂ ದಿನಕ್ಕೆ ಕೆಲವನ್ನಷ್ಟೇ ಮಾಡಬಲ್ಲ. ಕಬ್ಬಿಣದ ಅಂಚು ತಾಗಿದರೆ ಹೊಲಿಗೆ ಕಿತ್ತು ಗರಿ ಹೊರಬರುತ್ತಿತ್ತು. ಹಾಗಾಗಿ ಚೆಂಡು ಗಾಡಿಯ ಚಕ್ರದ ಜಾಡಿನಲ್ಲೋ ಕಲ್ಲಿನ ನಡುವೆಯೋ ಸಿಕ್ಕಿಕೊಂಡರೆ ಮಾತ್ರ ಕಬ್ಬಿಣ ಹೊರಗೆ ಬರುತ್ತಿತ್ತು.

1848ರ ಹೊತ್ತಿಗೆ ಇದೆಲ್ಲ ತಲೆಕೆಳಗಾಯಿತು. ಮಲಯದ ಕಾಡಿನ ಮರದ ಹಾಲಿನಿಂದ ಮಾಡಿದ ಗಟ್ಟಾ ಪರ್ಚಾ ಚೆಂಡು ಬಂತು. ಇದರ ಹುಟ್ಟಿನ ಬಗ್ಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಒಂದು ಐತಿಹ್ಯವಿದೆ. ಪೂರ್ವದೇಶದಿಂದ ಪ್ಯಾಟರ್ಸನ್ ಎಂಬ ಪಾದ್ರಿಗೆ ಕಳಿಸಿದ ವಿಷ್ಣುವಿನ ಅಮೃತಶಿಲೆಯ ವಿಗ್ರಹ ಒಡೆಯದಿರಲೆಂದು ಸುತ್ತಲೂ ಗಟ್ಟಾ ಪರ್ಚಾ ತುಂಬಿದ್ದರಂತೆ. ಆ ತುಂಡುಗಳನ್ನು ಬಿಸಿ ಮಾಡಿ ಉಂಡೆ ಕಟ್ಟಿ ಪಾದ್ರಿಯ ಮಗ ಹೊಸ ಚೆಂಡು ಮಾಡಿದನಂತೆ. ಐತಿಹ್ಯದಲ್ಲಿ ನಿಜವೆಷ್ಟೇ ಇರಲಿ, ಹೊಸ ಚೆಂಡು ಅಗ್ಗ, ಗಟ್ಟಿ. ಕಬ್ಬಿಣದ ಏಟಿಗೆ ಅದು ಒಡೆಯುತ್ತಿರಲಿಲ್ಲ. ಮೇಲೆ ಗೀರು ಬಿದ್ದ ಚೆಂಡು ನುಣುಪಾದದ್ದಕ್ಕಿಂತ ಚೆನ್ನಾಗಿ ಹಾರುತ್ತದೆ ಎಂಬುದೂ ಆಡುತ್ತಾಡುತ್ತ ಗೊತ್ತಾಯಿತು.

ಗರಿಚೆಂಡಿನ ಹೆಸರಾಂತ ತಯಾರಕ ಅಲನ್ ರಾಬರ್ಟ್‌ಸನ್ ಮೊದಲು ಹೊಸ ಚೆಂಡಿನ ಮೇಲೆ ಸಿಡಿಮಿಡಿಗೊಂಡಿದ್ದರು, ಹೊಟ್ಟೆಪಾಡಿನ ಪ್ರಶ್ನೆ. ಆಮೇಲೆ ಅವರೇ ಗ್ರೀನಿನ ಸಮೀಪದ ಏಟುಗಳಿಗೆ ಐರನ್ ಬಳಸುವ ಚಾತುರ್ಯ ಬೆಳೆಸಿಕೊಂಡರು. 1858ರಲ್ಲಿ ಸೇಂಟ್ ಆಂಡ್ರೂಸ್‌ನ ಹಳೆಯ ಅಂಗಳವನ್ನು 79 ಏಟಿನಲ್ಲಿ ಮುಗಿಸಿದರು. ಅಲ್ಲಿ 80ಕ್ಕಿಂತ ಕೆಳಗಿಳಿದವರಲ್ಲಿ ಅವರೇ ಮೊದಲಿಗರು. ಅವರ ನಂತರ ಬಂದ ಯಂಗ್ ಟಾಮ್ ಮಾರಿಸ್ ಚಕ್ರದ ಜಾಡಿನಿಂದ ಚೆಂಡು ಎತ್ತಲೆಂದಿದ್ದ ಪುಟ್ಟ ಐರನ್ನನ್ನೇ ಹಿಡಿದು ಚೆಂಡನ್ನು ಎತ್ತರಕ್ಕೆ ಹಾರಿಸಿ, ಗ್ರೀನ್ ಮೇಲೆ ಬಿದ್ದಲ್ಲೇ ನಿಲ್ಲಿಸಿ ತೋರಿಸಿದರು. 1868ರಿಂದ 1872ರವರೆಗೆ ನಡೆದ ನಾಲ್ಕು ಬ್ರಿಟಿಷ್ ಓಪನ್ ಪಂದ್ಯಾವಳಿಗಳನ್ನೂ ಅವರೇ ಗೆದ್ದರು (1871ರಲ್ಲಿ ಪಂದ್ಯಾವಳಿ ನಡೆಯಲಿಲ್ಲ). 24ನೇ ವಯಸ್ಸಿಗೇ ತೀರಿಕೊಂಡ ಈ ಹುಡುಗ ಆಟಕ್ಕೆ ಬಿಟ್ಟುಹೋದ ದೊಡ್ಡ ಆಸ್ತಿ ಆ ಐರನ್ ಏಟು. ಕಷ್ಟದಲ್ಲಿ ಮಾತ್ರ ಹೊರಬರುತ್ತಿದ್ದ ಕಬ್ಬಿಣ ಗುರಿಯ ಆಯುಧವಾಯಿತು.

ಗುರಿಗೆ ಬಳಸುವ ಮೇಲೆ ಊರ ಕಮ್ಮಾರನ ಒರಟು ಕೆಲಸ ಸಾಲದಾಯಿತು. ಐರನ್ ತಲೆ ಮಾಡುವುದೇ ಬೇರೊಂದು ಕಸುಬಾಯಿತು. ಮಸಲ್‌ಬರದಲ್ಲಿ ಕ್ಯಾರಿಕ್ ಮನೆತನ, ಸೇಂಟ್ ಆಂಡ್ರೂಸ್‌ನಲ್ಲಿ ರಾಬರ್ಟ್ ವೈಟ್, ರಾಬರ್ಟ್ ಕಾಂಡಿ, ಟಾಮ್ ಸ್ಟುವರ್ಟ್, ಲೆವೆನ್‌ನಲ್ಲಿ ಜಾರ್ಜ್ ನಿಕೊಲ್, ಕಿಂಗ್‌ಹಾರ್ನ್‌ನಲ್ಲಿ ವಿಲಿಯಂ ಗಿಬ್ಸನ್ ಹೆಸರು ಮಾಡಿದರು. ಕೊನೆಯ ಐವರೂ ಫೈಫ್ ಎಂಬ ಒಂದೇ ಜಿಲ್ಲೆಯವರು. ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಂದು ತುದಿಯನ್ನು ಚಪ್ಪಟೆ ಬಡಿದು, ಸುರುಳಿ ಸುತ್ತಿ ಬೆಸೆದರೆ ಕೋಲು ಕೂರುವ ಕೊರಳು. ಇನ್ನೊಂದು ತುದಿಯನ್ನು ಅಡಿಗಲ್ಲಿನ ಮೇಲೆ ತಟ್ಟಿ ಹರಡಿದರೆ ಚೆಂಡಿಗೆ ತಾಗುವ ಮುಖ. ಕೊರಳಿನ ಬಾಯಿಗೆ ಹಲ್ಲು ಕೆತ್ತಿ, ಹಿಕರಿ ಮರದ ದಂಡವನ್ನು ಬಿಗಿದು, ಅಡ್ಡ ಮೊಳೆ ಹೊಡೆಯುತ್ತಿದ್ದರು. ಮುಖ ಎಷ್ಟು ಓರೆ, ಅಡಿ ಎಷ್ಟು ದಪ್ಪ, ತೂಕ ಎಲ್ಲಿ ಕೂರಬೇಕು, ಎಲ್ಲಕ್ಕೂ ಕಣ್ಣಳತೆಯೇ ಅಳತೆ.

ಪ್ರತಿ ಕಮ್ಮಾರನೂ ತಲೆಯ ಹಿಂಬದಿಗೆ ತನ್ನ ಗುರುತು ಒತ್ತುತ್ತಿದ್ದ. ಸ್ಟುವರ್ಟ್‌ಗೆ ಹೊಗೆಸೊಪ್ಪಿನ ಪೈಪು, ಕಾಂಡಿಗೆ ಗುಲಾಬಿ, ಗಿಬ್ಸನ್‌ಗೆ ನಕ್ಷತ್ರ, ನಿಕೊಲ್‌ಗೆ ಹಸ್ತ. ಇದು ಶೋಭೆಗಷ್ಟೇ ಇದ್ದದ್ದಲ್ಲ. ಐರನ್ ಚೆನ್ನಾಗಿ ಆಡಿದರೆ ಆಟಗಾರ ಅದೇ ಗುರುತು ಹುಡುಕಿಕೊಂಡು ಮತ್ತೆ ಬರುತ್ತಿದ್ದ. ಆದರೆ 20ನೇ ಶತಮಾನದ ಹೊಸ್ತಿಲಲ್ಲಿ ಯಂತ್ರದ ಸುತ್ತಿಗೆ ಬಂತು. ಅಚ್ಚಿನ ನಡುವೆ ಕಾದ ಕಬ್ಬಿಣವಿಟ್ಟು ಮೇಲಿನಿಂದ ಭಾರ ಬೀಳಿಸಿದರೆ ಕ್ಷಣದಲ್ಲಿ ತಲೆ ಸಿದ್ಧ. ವಿಚಿತ್ರವೆಂದರೆ, ‘ಕೈಯಲ್ಲಿ ಬಡಿದದ್ದು’ ಎಂಬ ಮುದ್ರೆ ಐರನ್‌ಗಳ ಬೆನ್ನ ಮೇಲೆ ಹೆಚ್ಚಾದದ್ದು ಆ ಕಾಲದಲ್ಲೇ. ಯಂತ್ರ ಬಡಿದದ್ದನ್ನು ಕೈಯಿಂದ ಅರೆದು ಮುಗಿಸಿದರೂ ಮುದ್ರೆ ಅದೇ. ಮುದ್ರೆಯ ಮಾತನ್ನೇ ನಂಬಿ ಉಕ್ಕನ್ನು ಅಳೆಯಬಾರದೆಂಬುದು ನೂರು ವರ್ಷ ಹಳೆಯ ಪಾಠ.

ಬಲ್ಲ ಆಟಗಾರರು ಮುದ್ರೆ ನೋಡಿ ಕೊಳ್ಳುತ್ತಲೂ ಇರಲಿಲ್ಲ. ಹಿಕರಿ ಮರದ ಒಂದು ದಂಡ ಇನ್ನೊಂದರಂತೆ ಇರುವುದಿಲ್ಲ. ಒಂದು ಹೆಚ್ಚು ಬಳುಕುತ್ತದೆ, ಇನ್ನೊಂದು ಬೀಸುವಾಗ ತಿರುಚಿಕೊಳ್ಳುತ್ತದೆ. ಹೀಗಾಗಿ ಸೆಟ್ ಕೊಳ್ಳುವ ಮಾತೇ ಇಲ್ಲ; ಒಂದೊಂದೇ ಕೋಲನ್ನು ವರ್ಷಗಟ್ಟಲೆ ಹುಡುಕಿ, ಬೀಸಿ ನೋಡಿ, ಇಷ್ಟವಾದರೆ ಇಟ್ಟುಕೊಂಡು, ಆಗದಿದ್ದರೆ ಬಿಟ್ಟು ಜೋಡಿಸಬೇಕು. ಅಟ್ಲಾಂಟಾದ ವಕೀಲ ಬಾಬಿ ಜೋನ್ಸ್ ಜೋಡಿಸಿದ್ದು ಹಾಗೆಯೇ. ಅವರ ಚೀಲದಲ್ಲಿದ್ದ ಐರನ್‌ಗಳಲ್ಲಿ ಹಲವಕ್ಕೆ ಟಾಮ್ ಸ್ಟುವರ್ಟ್‌ನ ಪೈಪಿನ ಗುರುತಿತ್ತು. 1930ರಲ್ಲಿ ಆ ಕಾಲದ ನಾಲ್ಕೂ ದೊಡ್ಡ ಪಂದ್ಯಾವಳಿಗಳನ್ನು ಒಂದೇ ವರ್ಷ ಗೆದ್ದು ಜೋನ್ಸ್ ನಿವೃತ್ತರಾದರು, ಆಗ ವಯಸ್ಸು 28. ಬಹಳ ವರ್ಷಗಳ ನಂತರ ಅವರ ಕೋಲುಗಳನ್ನು ಉಪಕರಣಗಳಿಂದ ಪರೀಕ್ಷಿಸಿದಾಗ, ಬೀಸಿನ ತೂಕದಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿದ್ದವು, ಒಂದು ಮಾತ್ರ ತಪ್ಪಿತ್ತು ಎಂದು ಗಾಲ್ಫ್ ಲೋಕದಲ್ಲಿ ಹೇಳುತ್ತಾರೆ. ಈಗಿನ ಎಂಟನೇ ಐರನ್‌ಗೆ ಸಮಾನವಾದ ಆ ಒಂದರ ಜೊತೆ ತನಗೆ ಯಾವಾಗಲೂ ತಕರಾರಿತ್ತು ಎಂದು ಜೋನ್ಸ್ ಮೊದಲಿನಿಂದಲೂ ಅನ್ನುತ್ತಿದ್ದರಂತೆ. ನುರಿತ ಕೈ ತಕ್ಕಡಿಯ ಕೆಲಸ ಮಾಡಬಲ್ಲದು ಎನ್ನುವುದಕ್ಕೆ ಕಸುಬಿನವರು ಮತ್ತೆ ಮತ್ತೆ ಕೊಡುವ ಉದಾಹರಣೆ ಇದು.

ಉಕ್ಕಿನ ಕೊಳವೆಯ ದಂಡ ಬಂದ ಮೇಲೆ ಆ ಹುಡುಕಾಟ ನಿಂತಿತು. ಅಮೆರಿಕ 1920ರ ದಶಕದ ನಡುವೆ ಆ ದಂಡಕ್ಕೆ ಒಪ್ಪಿಗೆ ಕೊಟ್ಟಿತು, ಆಟದ ನಿಯಮ ಮಾಡುವ ಸೇಂಟ್ ಆಂಡ್ರೂಸ್‌ನ ಸಂಸ್ಥೆ 1929ರಲ್ಲಿ. 1931ರ ಯು.ಎಸ್. ಓಪನ್ ಗೆದ್ದ ಬಿಲ್ಲಿ ಬರ್ಕ್ ಉಕ್ಕಿನ ದಂಡದಿಂದ ಆ ಪ್ರಶಸ್ತಿ ಪಡೆದ ಮೊದಲಿಗರು. ದಂಡಗಳೆಲ್ಲ ಒಂದೇ ತರಹ ಬರುವಾಗ ತಲೆಗಳನ್ನೂ ಒಂದೇ ಸರಣಿಯಲ್ಲಿ ಮಾಡಬಹುದು. ಮ್ಯಾಶಿ, ನಿಬ್ಲಿಕ್ ಎಂಬ ಹಳೆಯ ಹೆಸರುಗಳು ಹೋಗಿ ನಂಬರುಗಳು ಬಂದವು. ನಂಬರು ಒಂದೊಂದೇ ಏರಿದಂತೆ ಮುಖ ಹೆಚ್ಚು ಓರೆ, ದಂಡ ಅರ್ಧ ಇಂಚು ಗಿಡ್ಡ, ತಲೆ ಸುಮಾರು 7 ಗ್ರಾಂ ಹೆಚ್ಚು ಭಾರ. ಈ ಲೆಕ್ಕ ಇಂದಿಗೂ ಹೆಚ್ಚುಕಡಿಮೆ ಹಾಗೇ ಇದೆ. ಜೋನ್ಸ್ ಸ್ವತಃ ಸ್ಪಾಲ್ಡಿಂಗ್ ಕಂಪನಿಗಾಗಿ 1932ರಲ್ಲಿ ಉಕ್ಕಿನ ದಂಡದ ಐರನ್ ಸೆಟ್ ರೂಪಿಸಿದರು. ಚೀಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಕೋಲು ತುಂಬಿಕೊಂಡು ಬರುವವರು ಹೆಚ್ಚಾದಾಗ 1938ರಲ್ಲಿ ಅಮೆರಿಕ, ಮರುವರ್ಷ ಸೇಂಟ್ ಆಂಡ್ರೂಸ್ 14ರ ಮಿತಿ ಹಾಕಿದವು. ಸ್ಕಾಟ್ಲೆಂಡಿನ ಸಣ್ಣ ಕುಲುಮೆಗಳಿಗೆ ಇದು ಇಳಿಗಾಲ. ಕಸುಬು ಅಮೆರಿಕದ ದೊಡ್ಡ ಕಾರ್ಖಾನೆಗಳಿಗೆ ದಾಟಿತು.

ಅಲ್ಲಿಯೂ ತೀರ್ಪು ಕೊಡುವ ಅಧಿಕಾರವನ್ನು ಆಟಗಾರ ಬಿಟ್ಟುಕೊಡಲಿಲ್ಲ. ಹೋಗನ್ 1953ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಸ್ವಂತ ಕಂಪನಿ ಕಟ್ಟಿದರು. ಮೊದಲ ತಂಡದ ಕೋಲುಗಳು ಕಾರ್ಖಾನೆಯಿಂದ ಸಿದ್ಧವಾಗಿ ಬಂದಾಗ ಅವರಿಗೆ ಒಪ್ಪಿಗೆಯಾಗಲಿಲ್ಲ. ಮಾರುವುದಿಲ್ಲ ಎಂದುಬಿಟ್ಟರು. ಲಕ್ಷ ಡಾಲರಿನ ಆಸುಪಾಸು ಬೆಲೆಯ ಸರಕು ಗುಜರಿಯ ಪಾಲಾಯಿತು. ಸಾಲ ಮಾಡಿ ಶುರು ಮಾಡಿದ ಉದ್ಯಮಕ್ಕೆ ಅದು ಸಣ್ಣ ಪೆಟ್ಟಲ್ಲ. ಆದರೆ ಆ ಒಂದು ನಿರಾಕರಣೆಯಿಂದ ಹೋಗನ್ ಹೆಸರಿನ ಐರನ್‌ಗೆ ಬಂದ ನಂಬಿಕೆ ಯಾವ ಜಾಹೀರಾತಿನಿಂದಲೂ ಬರುತ್ತಿರಲಿಲ್ಲ. ಆರ್ನಾಲ್ಡ್ ಪಾಮರ್ ಕೂಡ ಪೆನ್ಸಿಲ್ವೇನಿಯಾದ ಲಟ್ರೋಬ್‌ನಲ್ಲಿ ತಮ್ಮದೇ ಕಾರ್ಯಾಗಾರವಿಟ್ಟುಕೊಂಡು ಕೋಲುಗಳನ್ನು ಅರೆದು, ಬಾಗಿಸಿ, ಹಿಡಿ ಸುತ್ತಿ ಗಂಟೆಗಟ್ಟಲೆ ಕೂರುತ್ತಿದ್ದರು.

ಬಡಿದ ಐರನ್‌ಗೆ ನಿಜವಾದ ಸವಾಲು ಹಾಕಿದ್ದು ಒಬ್ಬ ಎಂಜಿನಿಯರ್. ನಾರ್ವೆಯ ಬರ್ಗೆನ್‌ನಲ್ಲಿ 1911ರಲ್ಲಿ ಹುಟ್ಟಿ, ಅಮೆರಿಕದಲ್ಲಿ ತಂದೆಯ ಚಪ್ಪಲಿ ಅಂಗಡಿಯಲ್ಲಿ ದುಡಿದು, ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದ್ದ ಕಾರ್ಸ್ಟನ್ ಸೋಲ್ಹೈಮ್ ಗಾಲ್ಫ್ ಕಲಿತದ್ದು ನಲವತ್ತು ದಾಟಿದ ಮೇಲೆ. ಚೆಂಡು ಗುಳಿಗೆ ಉರುಳಿಸುವುದು ಕಷ್ಟವಾದಾಗ 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಮ್ಮದೇ ಪಟ್ಟರ್ ಮಾಡಿದರು. ಏಟಿಗೆ ಅದು ‘ಪಿಂಗ್’ ಎಂದು ಕೂಗಿತು, ಕಂಪನಿಗೆ ಅದೇ ಹೆಸರಾಯಿತು. ಅವರ ತರ್ಕ ಸರಳ. ತಲೆಯ ನಡುವಿನ ಲೋಹವನ್ನು ತೆಗೆದು ಅಂಚಿನ ಸುತ್ತ ಹಂಚಿದರೆ, ಚೆಂಡು ನಡುವಿನಿಂದ ಆಚೆ ಬಡಿದಾಗ ತಲೆ ತಿರುಗುವುದು ಕಡಿಮೆಯಾಗುತ್ತದೆ. ತಪ್ಪು ಏಟೂ ಅಷ್ಟೊಂದು ದಾರಿ ತಪ್ಪುವುದಿಲ್ಲ. ಇಂಥ ಟೊಳ್ಳು ಬೆನ್ನಿನ ಆಕಾರವನ್ನು ಬಡಿದು ಮಾಡುವುದು ಆಗ ಕಷ್ಟವಿತ್ತು. ಅದಕ್ಕೆ ಅವರು ಹಿಡಿದದ್ದು ಮೇಣದ ಅಚ್ಚಿನ ಎರಕ, ದಕ್ಷಿಣ ಭಾರತದ ಸ್ಥಪತಿಗಳು ಸಾವಿರ ವರ್ಷದಿಂದ ಲೋಹದ ವಿಗ್ರಹಗಳಿಗೆ ಬಳಸುತ್ತಿರುವ ಮೂಲ ವಿಧಾನ. ಮೇಣದಲ್ಲಿ ಆಕಾರ ಮಾಡಿ, ಸುತ್ತ ಲೇಪ ಹಚ್ಚಿ, ಮೇಣ ಕರಗಿಸಿ ಹರಿಸಿ, ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುವುದು. 1982ರಲ್ಲಿ ಬಂದ ಪಿಂಗ್ ಐ2 ಐರನ್ ಜಗತ್ತಿನೆಲ್ಲೆಡೆ ಹರಡಿತು. ಅದರ ಮುಖದ ಗೀರುಗಳ ಅಂತರದ ಬಗ್ಗೆ ಅಮೆರಿಕದ ಗಾಲ್ಫ್ ಸಂಸ್ಥೆಗೂ ಸೋಲ್ಹೈಮ್‌ಗೂ ನಡೆದ ಜಗಳ 10 ಕೋಟಿ ಡಾಲರಿನ ದಾವೆವರೆಗೂ ಹೋಗಿ 1990ರಲ್ಲಿ ರಾಜಿಯಾಯಿತು.

ಸಾಮಾನ್ಯ ಆಟಗಾರನಿಗೆ ಸೋಲ್ಹೈಮ್ ಮಾಡಿದ್ದು ದೊಡ್ಡ ಉಪಕಾರ. ಹಾಗಿದ್ದರೆ ಬಡಿದ ಐರನ್ ಅಲ್ಲಿಗೇ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಅದನ್ನು ಉಳಿಸಿದವರು ನುರಿತ ಆಟಗಾರರು, ಮತ್ತು ಅವರ ಬೇಡಿಕೆಗೆ ಕಿವಿಗೊಟ್ಟ ಜಪಾನಿನ ಕಮ್ಮಾರರು.

ಜಪಾನಿಗೆ ಗಾಲ್ಫ್ ತಂದವರು ಕೋಬೆ ಬಂದರಿನ ಇಂಗ್ಲಿಷ್ ವರ್ತಕರು. ಆರ್ಥರ್ ಗ್ರೂಮ್ ರೊಕ್ಕೊ ಬೆಟ್ಟದ ಮೇಲೆ ಮಾಡಿದ ನಾಲ್ಕು ಹೋಲ್‌ಗಳ ಅಂಗಳವೇ 1903ರಲ್ಲಿ ಕೋಬೆ ಗಾಲ್ಫ್ ಕ್ಲಬ್ ಆಯಿತು. ಅದೇ ಹ್ಯೋಗೊ ಪ್ರಾಂತ್ಯದಲ್ಲಿ ಹಿಮೆಜಿ ಕೋಟೆ, ಉಳಿ-ಗರಗಸಗಳಿಗೆ ಹೆಸರಾದ ಮಿಕಿ ಪಟ್ಟಣ, ತಲೆಮಾರುಗಳಿಂದ ಅಲಗು ಬಡಿದ ಮನೆತನಗಳು ಇವೆ. ಮಿಕಿಯ ಹತ್ತಿರ ಹಿರೊನೊ ಗಾಲ್ಫ್ ಅಂಗಳ ತೆರೆದದ್ದು 1932ರಲ್ಲಿ. ಆಮದು ಕೋಲುಗಳನ್ನು ನೋಡಿ ತಾವೂ ಮಾಡಬಲ್ಲೆವೆಂದು ಅಲಗಿನ ಕಮ್ಮಾರರು ಕೈಹಾಕಿದ್ದು ಆ ಹೊತ್ತಿನಲ್ಲೇ. ಹಿಮೆಜಿಯ ಉತ್ತರಕ್ಕಿರುವ ಇಚಿಕಾವಾ ಎಂಬ ಸಣ್ಣ ಊರು ಜಪಾನಿನ ಐರನ್ ತಲೆಗಳ ಹುಟ್ಟೂರು ತಾನೆಂದು ಇವತ್ತೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಐರನ್ ಕಮ್ಮಾರ ಕತ್ಸುಹಿರೊ ಮಿಯುರಾ ತಮ್ಮ ಕಸುಬು ನಡೆಸಿದ್ದು ಈ ಸೀಮೆಯಲ್ಲೇ. ಒಸಾಕಾದ ಮಿಜುನೊ ಕಂಪನಿ 1933ರಲ್ಲೇ ಗಾಲ್ಫ್ ಕೋಲು ತಯಾರಿಕೆಗೆ ಇಳಿದಿತ್ತು. 1968ರಿಂದ ಅದರ ಐರನ್ ತಲೆಗಳನ್ನು ಹಿರೋಶಿಮಾದ ಚುವೊ ಕಾರ್ಖಾನೆ ಬಡಿಯುತ್ತಿದೆ. ಉತ್ತರದ ನಿಗಾತಾ ಪ್ರಾಂತ್ಯದ ತ್ಸುಬಾಮೆ ಪಟ್ಟಣ ಮೊದಲು ಮೊಳೆ, ಆಮೇಲೆ ತಾಮ್ರದ ಪಾತ್ರೆ, ಆಮೇಲೆ ಚಮಚ-ಫೋರ್ಕು ಮಾಡಿ ಬದುಕಿದ ಊರು. ಅಲ್ಲಿಯ ಎಂಡೊ ಕಾರ್ಖಾನೆ ಜಗತ್ತಿನ ಹಲವು ಹೆಸರಾಂತ ಕಂಪನಿಗಳಿಗೆ ಐರನ್ ತಲೆ ಬಡಿದುಕೊಟ್ಟಿದೆ.

ಈ ಜಪಾನಿ ಕಾರ್ಖಾನೆಗಳಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೂರಕ್ಕೆ 0.20ರಿಂದ 0.25ರಷ್ಟು ಮಾತ್ರ ಇಂಗಾಲವಿರುವ ಮೃದು ಉಕ್ಕಿನ ಸರಳನ್ನು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಎಳೆದು ಬಾಗಿಸಿ ಅಚ್ಚಿನಲ್ಲಿಟ್ಟು ಬಡಿಯುತ್ತಾರೆ. ಅಂಚಿನಲ್ಲಿ ಹೊರಚೆಲ್ಲಿದ ಲೋಹ ಕತ್ತರಿಸಿ, ಮತ್ತೊಂದು ಅಚ್ಚಿಗಿಟ್ಟು ಮತ್ತೆ ಬಡಿಯುತ್ತಾರೆ. ಎರಡನೆಯ, ಮೂರನೆಯ ಬಡಿತಗಳಲ್ಲಿ ಆಕಾರ ನಿಖರವಾಗುತ್ತ ಬರುತ್ತದೆ. ಆಮೇಲೆ ಅರೆಯುವ ಕಲ್ಲಿನ ಮುಂದೆ ಕೂತ ಕುಶಲಕರ್ಮಿ ಒಂದೊಂದೇ ತಲೆಯನ್ನು ತೂಗಿ, ಅರೆದು, ಮತ್ತೆ ತೂಗುತ್ತಾನೆ. ಗೀರು ಕೊರೆದು, ನಿಕ್ಕೆಲ್ ಮತ್ತು ಕ್ರೋಮಿಯಂ ಲೇಪ ಕೊಟ್ಟ ಮೇಲೆ ಹೊಳಪು. ಇದರಲ್ಲೂ ಎರಡು ಪಂಥಗಳಿವೆ. ಮಿಜುನೊದವರು ಕೊರಳಿನಿಂದ ಮುಖದವರೆಗೆ ಒಂದೇ ಸರಳು, ಲೋಹದ ಎಳೆ ಎಲ್ಲೂ ಕಡಿಯಬಾರದು ಎನ್ನುತ್ತಾರೆ. ಮಿಯುರಾ ತಲೆಯನ್ನು ಬೇರೆಯಾಗಿ ಬಡಿದು, ಕೊರಳನ್ನು ವೇಗವಾಗಿ ತಿರುಗಿಸಿ ಬೆಸೆಯುತ್ತಾರೆ. ಹಾಗೆ ಮಾಡಿದರೆ ಕೊರಳಿನ ತೂಕ ಪ್ರತಿ ತಲೆಗೂ ಒಂದೇ ಆಗುತ್ತದೆಂಬುದು ಅವರ ವಾದ. ಎರಡೂ ಕಡೆಯ ಐರನ್‌ಗಳಲ್ಲಿ ಒಳ್ಳೆಯ ಆಟಗಾರರು ಚೆನ್ನಾಗಿ ಆಡಿದ್ದಾರೆ. 1980ರ ದಶಕದ ಕೊನೆಯಲ್ಲಿ ಜಪಾನಿನ ಆಟಗಾರ ತ್ಸುನೆಯುಕಿ ನಕಾಜಿಮಾ ಅವರಿಗಾಗಿ ರೂಪಿಸಿದ ಟಿಎನ್-87 ಐರನ್ ಮಿಜುನೊಗೆ ಯುರೋಪಿನ ಆಟಗಾರರ ನಡುವೆಯೂ ಮನ್ನಣೆ ತಂದುಕೊಟ್ಟಿತು.

ಹಾಗಾದರೆ ಬಲ್ಲವರು ಬಡಿದ ಐರನ್‌ನಲ್ಲಿ ಕಂಡದ್ದೇನು? ಕೇಳಿದರೆ ಬಹುತೇಕರ ಉತ್ತರ, ‘ಕೈಗೆ ಗೊತ್ತಾಗುತ್ತದೆ’. ಚೆಂಡು ಮುಖದ ನಡುವಿಗೆ ತಾಗಿತೋ, ಎರಡು ಮಿಲಿಮೀಟರ್ ಆಚೆಗೋ ಎಂಬುದು ಅಂಗೈಗೆ ಬರುತ್ತದೆ ಎನ್ನುತ್ತಾರೆ. ಈ ಮಾತನ್ನು ವಿಜ್ಞಾನ ಅರ್ಧ ಒಪ್ಪುತ್ತದೆ. ಬ್ರಿಟನ್ನಿನಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚೆಂಡು ಮತ್ತು ಕೋಲಿನ ಸ್ಪರ್ಶ ಇರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಕಂಪನ ದಂಡದ ಮೂಲಕ ಏರಿ ಕೈಗೆ, ಕೈಯಿಂದ ಮಿದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಅಂದರೆ ಆ ಅನುಭವ ಏಟನ್ನು ಬದಲಿಸಲಾರದು. ಮುಂದಿನ ಏಟಿಗೆ ಪಾಠ ಹೇಳಬಲ್ಲದು, ಅಷ್ಟೇ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2000ರ ದಶಕದಲ್ಲಿ ಉತ್ತಮ ಆಟಗಾರರನ್ನು ಪರೀಕ್ಷಿಸಿ, ಕೈಯ ಅನುಭವ ಎಂದುಕೊಳ್ಳುವುದರಲ್ಲಿ ಏಟಿನ ಶಬ್ದದ ಪಾಲು ದೊಡ್ಡದೆಂದು ಕಂಡುಕೊಂಡರು. ಮಿಜುನೊ ಕೂಡ ಐರನ್ ತಲೆಯ ಕಂಪನದ ಸ್ವರವನ್ನೇ ಅಳೆದು ವಿನ್ಯಾಸ ಮಾಡತೊಡಗಿತು.

ಅಳೆಯುವ ಯಂತ್ರಗಳಿಗೂ ಇಲ್ಲಿ ತಮ್ಮದೇ ಕತೆಯಿದೆ. 1945ರಲ್ಲಿ ಸತತ 11 ಪಂದ್ಯಾವಳಿ ಗೆದ್ದ ಬೈರನ್ ನೆಲ್ಸನ್ ಅವರ ಬೀಸನ್ನು ಮಾದರಿಯಾಗಿಟ್ಟುಕೊಂಡು 1960ರ ದಶಕದಲ್ಲಿ ‘ಐರನ್ ಬೈರನ್’ ಎಂಬ ಯಂತ್ರ ಮಾಡಿದರು. ಅದು ದಣಿಯದೆ ಒಂದೇ ತರಹ ಹೊಡೆಯುತ್ತದೆ, ಆದ್ದರಿಂದ ಎರಡು ಕೋಲುಗಳ ವ್ಯತ್ಯಾಸ ನಿಚ್ಚಳವಾಗುತ್ತದೆ. 2003ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಟ್ರ್ಯಾಕ್‌ಮನ್ ಕಂಪನಿಯ ರೇಡಾರ್ ಈಗ ಪ್ರತಿ ಏಟಿನ ವೇಗ, ಏರಿದ ಕೋನ, ಚೆಂಡಿನ ಸುತ್ತು ಎಲ್ಲವನ್ನೂ ಹೇಳುತ್ತದೆ. ಅಮೆರಿಕದ ವೃತ್ತಿಪರ ಆಟಗಾರರ ಏಳನೇ ಐರನ್ ಏಟಿನಲ್ಲಿ ಚೆಂಡು ನಿಮಿಷಕ್ಕೆ ಸುಮಾರು 7,000 ಸುತ್ತು ಸುತ್ತುತ್ತ ಹಾರುತ್ತದೆ. ಗ್ರೀನ್ ಮೇಲೆ ಬಿದ್ದ ಚೆಂಡು ಓಡದೆ ನಿಲ್ಲುವುದು ಈ ಸುತ್ತಿನಿಂದ ಮತ್ತು ಬೀಳುವ ಕೋನದಿಂದ. ಈ ಅಂಕಿಯನ್ನು ಏಟಿನಿಂದ ಏಟಿಗೆ ಹೆಚ್ಚು ಏರಿಳಿಸದ ಐರನ್ನೇ ಬಲ್ಲವರಿಗೆ ಬೇಕು. ಅತಿ ದೂರ ಹಾರಿಸುವುದು ಅವರಿಗೆ ಮುಖ್ಯವಲ್ಲ. ಅಂದುಕೊಂಡಷ್ಟೇ ದೂರ ಹೋಗುವುದು ಮುಖ್ಯ.

ಇಲ್ಲೇ ಒಂದು ಮೋಸಹೋಗುವ ಜಾಗವಿದೆ. ತೆಳು ಬೆನ್ನಿನ ಸಾಂಪ್ರದಾಯಿಕ ಐರನ್‌ನಲ್ಲಿ ಏಳನೇ ನಂಬರಿನ ಮುಖದ ಓರೆ 34-35 ಡಿಗ್ರಿ. ಸಾಮಾನ್ಯ ಆಟಗಾರರಿಗೆಂದು ಮಾರುವ ಹಲವು ಸೆಟ್‌ಗಳಲ್ಲಿ ಅದೇ ನಂಬರು 30ಕ್ಕೂ ಕೆಳಗಿಳಿದಿದೆ. ನಂಬರು ಅದೇ ಇದ್ದರೂ ಕೋಲು ಬೇರೆ. ಎರಡನ್ನೂ ಪಕ್ಕದಲ್ಲಿಟ್ಟು ‘ಇದು ಹತ್ತು ಗಜ ಹೆಚ್ಚು ಹೋಗುತ್ತದೆ’ ಎನ್ನುವ ಹೋಲಿಕೆಗೆ ಅರ್ಥವಿಲ್ಲ.

ಬಡಿದದ್ದಕ್ಕೂ ಎರಕ ಹೊಯ್ದದ್ದಕ್ಕೂ ಒಂದೇ ಆಕಾರ, ಒಂದೇ ತೂಕದ ಹಂಚಿಕೆ ಇದ್ದರೆ ಏಟಿನಲ್ಲಿ ವ್ಯತ್ಯಾಸ ತಿಳಿಯದು ಎಂದು ವಿನ್ಯಾಸಕಾರ ಟಾಮ್ ವಿಶನ್ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಓಹಾಯೊದ ರಾಲ್ಫ್ ಮಾಲ್ಟ್‌ಬಿ ಸಾವಿರಾರು ಐರನ್ ತಲೆಗಳನ್ನು ಅಳೆದು, ತೂಕದ ಕೇಂದ್ರ ಎಲ್ಲಿದೆ ಎಂಬುದರ ಮೇಲೆ ಅಂಕ ಕೊಡುವ ಪದ್ಧತಿಯನ್ನೇ ರೂಪಿಸಿದರು. ಅವರ ಅಂಕಪಟ್ಟಿಯಲ್ಲಿ ವೃತ್ತಿಪರರ ಪ್ರೀತಿಯ ತೆಳು ಐರನ್‌ಗಳು ಬಹುಮಟ್ಟಿಗೆ ತಳದಲ್ಲಿವೆ, ಏಕೆಂದರೆ ಅಂಕ ಇರುವುದು ಸುಲಭಕ್ಕೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಬಡಿಯುವುದರಿಂದಲೇ ಉಕ್ಕಿಗೆ ಮಾಂತ್ರಿಕ ಗುಣ ಬರುವುದಿಲ್ಲ. ಬಡಿದ ಮೃದು ಉಕ್ಕಿನ ದೊಡ್ಡ ಗುಣ ಬೇರೆ ಇದೆ: ಅದು ಬಾಗುತ್ತದೆ. ಆಟಗಾರ ಗಿಡ್ಡನೋ ಎತ್ತರನೋ, ಬೀಸು ಚಪ್ಪಟೆಯೋ ನೆಟ್ಟಗಿನದೋ ನೋಡಿ, ಕೊರಳನ್ನು ಒಂದು ಡಿಗ್ರಿ ಅತ್ತ, ಅರ್ಧ ಡಿಗ್ರಿ ಇತ್ತ ತಿದ್ದಬಹುದು. ಅಡಿಯನ್ನು ಮಣ್ಣಿಗೆ ತಕ್ಕಂತೆ ಅರೆಯಬಹುದು. ಗಡುಸಾದ ಸ್ಟೇನ್‌ಲೆಸ್ ಉಕ್ಕಿನ ಎರಕದಲ್ಲಿ ಇಷ್ಟು ಸ್ವಾತಂತ್ರ್ಯವಿಲ್ಲ. ದೊಡ್ಡ ಪಂದ್ಯಾವಳಿಗಳ ಬಯಲಿನಲ್ಲಿ ಕಂಪನಿಗಳ ಗಾಡಿಗಳು ನಿಂತಿರುತ್ತವೆ, ಒಳಗೆ ಇಕ್ಕಳಕ್ಕೆ ಬಿಗಿದ ಐರನ್‌ಗಳನ್ನು ತಂತ್ರಜ್ಞರು ಬಾಗಿಸುತ್ತಿರುತ್ತಾರೆ. ಫೈಫ್‌ನ ಕುಲುಮೆಯಲ್ಲಿ ಆಟಗಾರನೂ ಕಮ್ಮಾರನೂ ಮುಖಾಮುಖಿ ನಿಂತು ಮಾಡುತ್ತಿದ್ದ ಕೆಲಸದ ಮುಂದುವರಿಕೆ ಅದು.

ಕನ್ನಡ ನಾಡಿಗೂ ಈ ಆಟದ ನಂಟು ಹಳೆಯದು. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ, ಯಂಗ್ ಟಾಮ್ ಮಾರಿಸ್ ತೀರಿಕೊಂಡ ಮರುವರ್ಷ, ಐರನ್ ಇನ್ನೂ ಸ್ಕಾಟ್ ಕುಲುಮೆಯ ಸರಕಾಗಿದ್ದಾಗ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಏಟಿನಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಅದಿತಿ ಅಶೋಕ್ ಬೆಂಗಳೂರಿನವರು. ಅಂದು ದೇಶವಿಡೀ ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿತು.

ಐರನ್ ಬಡಿಯುವ ಕಸುಬಿಗೆ ಹೊಸ ಪ್ರಶ್ನೆಯೊಂದು ಈಗಾಗಲೇ ಎದುರಾಗಿದೆ. ಬ್ರೈಸನ್ ಡಿಶ್ಯಾಂಬೊ 2024ರ ಯು.ಎಸ್. ಓಪನ್ ಗೆದ್ದದ್ದು ಬಡಿದ ಐರನ್‌ನಿಂದಲ್ಲ, ಎರಕದಿಂದಲೂ ಅಲ್ಲ. ಅವರ ಐರನ್‌ಗಳ ತಲೆ ತ್ರೀಡಿ ಮುದ್ರಣದ್ದು, ಮುಖ ಸ್ವಲ್ಪ ಉಬ್ಬಿದ್ದು, ದಂಡಗಳೆಲ್ಲ ಒಂದೇ ಉದ್ದ. ಇಂಥದ್ದು ಮುಂದೆ ಹೆಚ್ಚಾದೀತು. ಆದರೂ 2019ರಲ್ಲಿ ಟೈಗರ್ ವುಡ್ಸ್ ಐದನೇ ಸಲ ಮಾಸ್ಟರ್ಸ್ ಗೆದ್ದಾಗ ಚೀಲದಲ್ಲಿದ್ದದ್ದು ತೆಳು ಬೆನ್ನಿನ ಬಡಿದ ಐರನ್‌ಗಳೇ.

ಅಂಥ ಸೆಟ್ಟಿಗೆ ಹಣ ಸುರಿಯಲು ಹೊರಟವರಿಗೆ ಹೇಳುವುದಿಷ್ಟು. ಬೆನ್ನ ಮೇಲಿನ ‘ಫೋರ್ಜ್ಡ್’ ಮುದ್ರೆಯನ್ನು ನೋಡಿ ಕೊಳ್ಳಬೇಡಿ. ಪ್ರತಿ ತಲೆಯ ತೂಕ, ಮುಖದ ಓರೆ (ಲಾಫ್ಟ್), ಕೊರಳಿನ ಕೋನ (ಲೈ) ಅಳೆಸಿ, ನಿಮ್ಮ ಬೀಸಿಗೆ ತಿದ್ದಿಸಿಕೊಳ್ಳಿ. ನಿಮ್ಮ ಐರನ್‌ನ ಮುಖದ ಮೇಲೆ ಸವೆತ ಎಲ್ಲಿ ಬೀಳುತ್ತಿದೆ ನೋಡಿ. ಅದು ಮುಖದ ತುಂಬ ಹರಡಿದ್ದರೆ ಇನ್ನೂ ಕೆಲವು ವರ್ಷ ಅಂಚಿಗೆ ತೂಕವಿರುವ ಕೋಲೇ ನಿಮಗೆ ಒಳ್ಳೆಯದು. ಮೃದು ಉಕ್ಕು ಬಾಗಿಸಿದರೆ ಬಾಗುವಂತೆ, ಗಟ್ಟಿ ನೆಲಕ್ಕೆ ಬಡಿದು ಬಡಿದು ತಾನಾಗಿಯೂ ಬಾಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಮತ್ತೆ ಅಳೆಸಿ.